ಜೌಗು ಸಿಹಿಯಾಗಿಯೇ ಉಳಿದ ಬಗೆ

ಸಿಹಿನೀರಿನ ಜೌಗು ಸಂರಕ್ಷಣಾ ಕಚೇರಿಯ ನಿಯಮಾವಳಿಯ ಏಳನೇ ಕಲಮಿನ ಪ್ರಕಾರ, ಕಚೇರಿಯ ವ್ಯಾಪ್ತಿಯೊಳಗೆ ಸಮುದ್ರಕ್ಕೆ ಪ್ರವೇಶವಿರತಕ್ಕದ್ದಲ್ಲ. ಸಮುದ್ರ ಇದನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದೆ ಎಂದು ಪ್ರತಿ ವಾರ್ಷಿಕ ವರದಿಯಲ್ಲೂ ಬರೆದಿದೆ.

ಆ ಕಚೇರಿಯಲ್ಲಿ ನೀರು ಅಳೆಯುವ ಮಾಪಕನೊಬ್ಬನಿದ್ದ. ಪ್ರತಿ ಸೋಮವಾರ ಜೌಗಿಗೆ ಹೋಗಿ, ಬಾಟಲಿಗೆ ನೀರು ತುಂಬಿ, ಮೀಟರು ಅದ್ದಿ, ರಿಜಿಸ್ಟರಿನಲ್ಲಿ 'ಸಪ್ಪೆ' ಎಂದು ಬರೆಯುವುದು ಅವನ ಕೆಲಸ. ಹತ್ತೊಂಬತ್ತು ವರ್ಷ ಹೀಗೆ ಬರೆದು ಬರೆದು ಎಲ್ಲರ ಬಾಯಲ್ಲಿ ಸಪ್ಪಣ್ಣ ಆಗಿಬಿಟ್ಟಿದ್ದ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಒಂದು ಸೋಮವಾರ ಮೀಟರಿನ ಮುಳ್ಳು ದಡಕ್ಕನೆ ಬಲಕ್ಕೆ ಹೊರಳಿತು. ಸಪ್ಪಣ್ಣ ಮೀಟರನ್ನು ಕುಟ್ಟಿದ, ಬ್ಯಾಟರಿ ಬದಲಿಸಿದ, ಕೊನೆಗೆ ಬೆರಳು ಅದ್ದಿ ನೆಕ್ಕಿದ. ಮುಖ ಕಿವುಚಿಕೊಂಡು ಕಚೇರಿಗೆ ಬಂದರೆ, ಕೌಂಟರಿನ ಮುಂದೆ ಅವನ ಸ್ವಂತ ಅಕ್ಕ ನಿಂತಿದ್ದಾಳೆ. ಸೊಂಟದಲ್ಲಿ ಕುಡುಗೋಲು, ಕಂಕುಳಲ್ಲಿ ಜೊಂಡಿನ ಕಟ್ಟು. ಜೌಗಿನಂಚಿನ ಜೊಂಡು ಕೊಯ್ದು ಚಾಪೆ ಹೆಣೆಯುವುದೇ ಅವಳ ಬದುಕು.

"ನೋಡೋ ಇಲ್ಲಿ. ತುದಿಯಿಂದ ಬುಡದವರೆಗೆ ಹಳದಿ! ಹೆಣೆಯೋಕೆ ಹೋದ್ರೆ ಪಟಪಟ ಮುರಿಯುತ್ತೆ. ಮೊದಲೆಲ್ಲ ಉಬ್ಬರ ಬಂದ್ರೆ ಸಮುದ್ರದ ನೀರು ತೂಬಿನ ಹಲಗೆಯಿಂದ ಗೇಣು ಕೆಳಗೇ ನಿಲ್ತಿತ್ತು. ಈಗ ಹಲಗೆ ಹತ್ತಿ ಒಳಗೆ ಇಳೀತಿದೆ. ಹುಣ್ಣಿಮೆಯೊಳಗೆ ಹಲಗೆ ಒಂದು ಮೊಳ ಎತ್ತರಿಸಿ. ಇಲ್ಲಾಂದ್ರೆ ಬೇರೇ ಕೊಳೆಯುತ್ತೆ, ಮತ್ತೆ ಚಿಗುರೋದಿಲ್ಲ."

"ಅರ್ಜಿ ಕೊಡಕ್ಕ."

"ನೀನು ನನ್ನ ತಮ್ಮನೋ, ಕೌಂಟರೋ?"

"ಹತ್ತರಿಂದ ಐದರವರೆಗೆ ಕೌಂಟರು."

ಅಕ್ಕ ಅರ್ಜಿ ಕೊಟ್ಟಳು. ರಕ್ತಸಂಬಂಧ ಎಷ್ಟೆಂದರೂ ರಕ್ತಸಂಬಂಧ. ಸಪ್ಪಣ್ಣ ರಿಜಿಸ್ಟರಿನಲ್ಲಿ ಮೊದಲ ಬಾರಿಗೆ 'ಉಪ್ಪು' ಎಂದು ಬರೆದು, ಅಧೀಕ್ಷಕಿ ಮೇಡಮ್ಮಿನ ಮುಂದೆ ಹಿಡಿದ.

"ಏನ್ರೀ ಇದು? ವರದಿಗೆ ಉಪ್ಪುಖಾರ ಹಚ್ಚೋ ಅಭ್ಯಾಸ ಯಾವಾಗಿಂದ?"

"ಖಾರ ಹಚ್ಚಿಲ್ಲ ಮೇಡಂ. ಉಪ್ಪು ಮಾತ್ರ ಇದೆ. ಅದನ್ನೂ ನಾನು ಹಚ್ಚಿದ್ದಲ್ಲ."

ಮೇಡಂ ಒಳ್ಳೆಯವರು, ಕೂರಿಸಿಕೊಂಡು ತಿಳಿಹೇಳಿದರು. ನೀರು ಉಪ್ಪಾದರೆ ಅದು ಸಿಹಿನೀರಿನ ಜೌಗಲ್ಲ, ಆದ್ದರಿಂದ ಅದರ ತೂಬನ್ನು ಈ ಕಚೇರಿ ಮುಟ್ಟುವಂತಿಲ್ಲ. ನೀರು ಉಪ್ಪಾಗಿಲ್ಲದಿದ್ದರೆ ತೂಬು ಸರಿಯಾಗಿದೆ, ಆದ್ದರಿಂದ ಮುಟ್ಟುವ ಅಗತ್ಯವಿಲ್ಲ. "ಇನ್ನು ಜೌಗೇ ಇಲ್ಲ ಅಂದ್ರೆ ಈ ಹದಿನಾಲ್ಕು ಕುರ್ಚಿ ಯಾಕೆ ಅಂತ ಕೇಳ್ತಾರೆ. ನೀವು ಕೂತಿರೋದೂ ಸೇರಿ."

ಸಪ್ಪಣ್ಣ ಎದ್ದು ನಿಂತ.

ಆಗ ಕನ್ನಡಕವನ್ನು ಹಣೆಗೇರಿಸಿ ನಿಯಮಾವಳಿ ಓದುತ್ತಿದ್ದ ಹೆಡ್ ಕ್ಲರ್ಕ್ ಗಂಟಲು ಸರಿಪಡಿಸಿಕೊಂಡರು. "ಮೇಡಂ, ತಪ್ಪು ಬೇರೆ ಕಡೆ ಇದೆ. ನೀರು ಸಪ್ಪೆ ಇರಬೇಕು ಅಂತ ನಿಯಮದಲ್ಲಿ ಎಲ್ಲೂ ಇಲ್ಲ. 'ಸಿಹಿಯಾಗಿರತಕ್ಕದ್ದು' ಅಂತಿದೆ. ಸಪ್ಪಣ್ಣ ಹತ್ತೊಂಬತ್ತು ವರ್ಷದಿಂದ ತಪ್ಪು ಬರೀತಾ ಬಂದಿದಾರೆ."

ಕೂಡಲೇ ಕ್ಯಾಂಟೀನಿನಿಂದ ಸಕ್ಕರೆ ತರಿಸಲಾಯಿತು. ಮಾದರಿ ಬಾಟಲಿಗೆ ನಾಲ್ಕು ಚಮಚ ಬಿದ್ದ ಮೇಲೆ ಮೂವರ ರುಚಿ ಸಮಿತಿ ಒಂದೊಂದು ಗುಟುಕು ಕುಡಿದು, ಒಬ್ಬೊಬ್ಬರಾಗಿ ಹೊರಗೆ ಹೋಗಿ ಉಗುಳಿ ಬಂದು, ಒಮ್ಮತಕ್ಕೆ ಬಂದಿತು. ಮಾರನೆಯ ಬೆಳಿಗ್ಗೆ ನೋಟೀಸು ಬೋರ್ಡಿನಲ್ಲಿ ಹೀಗಿತ್ತು:

"ಮಾದರಿ ಬಾಟಲಿಗೆ ಇರುವೆ ಮುತ್ತಿರುವುದರಿಂದ ಜೌಗಿನ ನೀರು ಸಿಹಿಯೆಂದು ದೃಢಪಟ್ಟಿದೆ. ಕಪ್ಪೆಗಳು ಪೂರ್ವಾನುಮತಿಯಿಲ್ಲದೆ ಗೈರುಹಾಜರಾಗಿದ್ದು, ಅವುಗಳ ಸ್ಥಾನಕ್ಕೆ ಬಂದಿರುವ ಏಡಿಗಳನ್ನು ಪ್ರಭಾರ ಕಪ್ಪೆಗಳೆಂದು ಪರಿಗಣಿಸತಕ್ಕದ್ದು. ಅವು ಅಡ್ಡಡ್ಡ ನಡೆಯುವುದು ಹೆಚ್ಚುವರಿ ಕೆಲಸದ ಒತ್ತಡದಿಂದ. ಜೊಂಡು ಒಣಗಿದ ಕಡೆ ತಲೆಯೆತ್ತಿರುವ, ಕಡಲಂಚಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಸಸಿಗಳನ್ನು ನಿಯೋಜನೆಯ ಮೇಲೆ ಬಂದ ಜೊಂಡೆಂದು ನಮೂದಿಸತಕ್ಕದ್ದು. ಹಲಗೆ ಎತ್ತರಿಸುವ ಅಗತ್ಯ ಕಂಡುಬಂದಿಲ್ಲ."

ಕೆಳಗೆ ಮಾಪಕನ ಸಹಿ ಬೇಕಿತ್ತು. ಸಪ್ಪಣ್ಣ ಪೆನ್ನು ಹಿಡಿದು ಅಕ್ಕನನ್ನು ನೆನೆದ. ಆಮೇಲೆ ಕುರ್ಚಿಯನ್ನು ನೆನೆದ. ಕುರ್ಚಿ ಹತ್ತಿರದಲ್ಲಿತ್ತು. ಸಹಿ ಹಾಕಿದ.

ಹುಣ್ಣಿಮೆಯ ಉಬ್ಬರ ನೋಟೀಸು ಓದಿಕೊಂಡಿರಲಿಲ್ಲ. ಹಲಗೆ ದಾಟಿ ಬಂದು, ಮೂರು ದಿನ ಮೊಕ್ಕಾಂ ಹೂಡಿ, ಜೊಂಡಿನ ಬೇರನ್ನೆಲ್ಲ ಕೊಳೆಸಿ ಹೋಯಿತು.

ನಾಲ್ಕನೇ ದಿನ ಅಕ್ಕ ಬಂದಳು. ಅತ್ತು ಮುಗಿಸಿಯೇ ಬಂದಿದ್ದಳು. ತಮ್ಮನ ಕಡೆ ತಿರುಗಿಯೂ ನೋಡದೆ ನೇರ ಮೇಡಮ್ಮಿನ ಮೇಜಿಗೆ ಹೋದಳು.

"ನನ್ನ ಜೊಂಡೆಲ್ಲಿ?"

"ಇದೆಯಲ್ಲಮ್ಮ, ಕಡತದಲ್ಲಿ," ಎಂದರು ಮೇಡಂ, ಪುಟ ತೆರೆದು. "ಮೂರೂವರೆ ಎಕರೆ. ಹಸಿರು. ಆಳೆತ್ತರ."

"ಕೊಯ್ಯೋ ಹಕ್ಕು ನಂಗಿದೆ ತಾನೆ?"

"ಪರವಾನಗಿ ಚಾಲ್ತಿಯಲ್ಲಿದೆ. ಧಾರಾಳವಾಗಿ ಕೊಯ್ಕೊಳ್ಳಿ."

"ಹಾಗಾದ್ರೆ ಕಡತದ ಕೋಣೆ ತೋರಿಸಿ."

ಹೆಡ್ ಕ್ಲರ್ಕ್ ನಿಯಮಾವಳಿ ತಿರುವಿದರು. 'ಜೊಂಡು ಎಲ್ಲೆಲ್ಲಿ ಇದೆಯೋ ಅಲ್ಲಲ್ಲಿ' ಕೊಯ್ಯಬಹುದು ಎಂದಿತ್ತು. ಆಕ್ಷೇಪಣೆಗೆ ಎಡೆಯೇ ಇರಲಿಲ್ಲ. ಅಕ್ಕ ಸೆರಗು ಬಿಗಿದು ಒಳಗೆ ಹೋಗಿ, ಕಡತಗಳನ್ನು ಉದ್ದುದ್ದಕ್ಕೆ ಸೀಳತೊಡಗಿದಳು. ಯಾರೂ ಹೇಳದಿದ್ದರೂ ಸಪ್ಪಣ್ಣ ಎದ್ದು ಹೋಗಿ ಇನ್ನೊಂದು ತುದಿ ಹಿಡಿದುಕೊಂಡ.

"ಗಟ್ಟಿಯಾಗಿ ಹಿಡ್ಕೋ. ಇದೇನೋ, ಇಷ್ಟು ದಪ್ಪ?"

"ತೂಬಿನ ಕಡತ ಅಕ್ಕ. ಮೇಲಿನದೊಂದು ಹಾಳೆ ನಿಂದು. ಉಳಿದಿದ್ದೆಲ್ಲ ಅದು ಯಾಕಾಗಲ್ಲ ಅಂತ ನಾವು ಬರೆದಿದ್ದು."

"ಒಳ್ಳೆ ಫಸಲು ಕಣೋ," ಎಂದಳು ಅಕ್ಕ. ನೋಟೀಸು ಬಂದ ಮೇಲೆ ಅವಳು ತಮ್ಮನೊಂದಿಗೆ ಮಾತಾಡಿದ್ದು ಆ ದಿನವೇ ಮೊದಲು.

ವಾರದೊಳಗೆ ಮೊದಲ ಚಾಪೆ ಮೇಡಮ್ಮಿನ ಕೋಣೆಯಲ್ಲಿ ಹಾಸಿದ್ದಾಯಿತು. ನಡುವೆ ಮೊಹರುಗಳ ಕೆಂಪು ಚುಕ್ಕಿ, ಅಂಚಿಗೆ ಸಹಿಗಳ ನೀಲಿ ಬಳ್ಳಿ. ಮೇಡಂ ಚಪ್ಪಲಿ ಕಳಚಿ ಅದರ ಮೇಲೆ ನಡೆದು ನೋಡಿ, ಜೊಂಡಿನ ಗುಣಮಟ್ಟ ಹಿಂದಿಗಿಂತ ಸುಧಾರಿಸಿದೆ ಎಂದು ಷರಾ ಬರೆದರು. ಫಸಲಿಗೆ ಕೊರತೆಯಾಗದಂತೆ ಪ್ರತಿ ನೌಕರನೂ ದಿನಕ್ಕೆ ಕನಿಷ್ಠ ಆರು ಪುಟ ಟಿಪ್ಪಣಿ ಬರೆಯತಕ್ಕದ್ದೆಂದು ಸುತ್ತೋಲೆ ಹೊರಟಿತು. ಹದಿನಾಲ್ಕು ಕುರ್ಚಿಗಳೂ ತಲೆ ತಗ್ಗಿಸಿ ದುಡಿಯತೊಡಗಿದವು.

ಸಪ್ಪಣ್ಣ ಮಾತ್ರ ಹಲಗೆ ಎತ್ತರಿಸಬೇಕೆಂದೇ ದಿನಾ ಬರೆಯುತ್ತಾನೆ, ಮನಸ್ಸಿಟ್ಟು, ಕಾರಣ ಸಮೇತ. ಅಕ್ಕ ಕೌಂಟರಿನಾಚೆಯಿಂದ ಬಗ್ಗಿ ನೋಡಿ ತಿದ್ದುತ್ತಾಳೆ.

"ವಿಷಯ ಚೆನ್ನಾಗಿದೆ ಕಣೋ. ಸಾಲು ಇನ್ನೂ ಸ್ವಲ್ಪ ಉದ್ದ ಬರಿ. ಎರಡೂ ಕಡೆ ಅಂಚು ಬಿಡು, ಮಡಚಿ ಹೆಣೆಯೋಕೆ ಬೇಕು."