ಪಾದ್ರಿಯ ಮಂಚದ ಬದಿಯ ಪೆಟ್ಟಿಗೆ

ಅಮೆರಿಕದ ಟೆನೆಸ್ಸಿ ರಾಜ್ಯದ ಸಿಕಮೋರ್ ಫೋರ್ಕ್ ಚರ್ಚಿನ ಪಾದ್ರಿನಿವಾಸದಲ್ಲಿರುವ ಸಕಲ ವಸ್ತುಗಳು, ಪಾದ್ರಿ ಮಲಗುವ ಮಂಚ ಹಾಗೂ ಮಂಚದ ಬದಿಯ ಪಿಸ್ತೂಲೂ ಸೇರಿದಂತೆ, ಚರ್ಚಿನ ಭಕ್ತರ ಸಭೆಯ ಆಸ್ತಿಯಾಗಿರುತ್ತವೆ. ಪಿಸ್ತೂಲನ್ನು ಕೊಡಿಸಿದ್ದೂ ಸಭೆಯವರೇ. ನಿವಾಸದ ಹುಲ್ಲು ಕತ್ತರಿಸುವ ಯಂತ್ರ ಕಳುವಾದಾಗ, ಇನ್ನೊಂದು ಯಂತ್ರ ದುಬಾರಿಯಾಯಿತೆಂದು ಪಿಸ್ತೂಲು ಕೊಡಿಸಿದ್ದರು. ಹುಲ್ಲು ಅಂದಿನಿಂದ ಬೆಳೆಯುತ್ತಲೇ ಇದೆ.

ನವೆಂಬರಿನಲ್ಲಿ ಪಾದ್ರಿಯ ಹೆಂಡತಿ ಇಮೊಜೀನ್‌ಗೆ ಮಗಳು ಡಾರ್ಸಿಯ ಫೋನ್ ಬಂತು.

"ಅಮ್ಮಾ, ಆ ಪಿಸ್ತೂಲು ಡ್ರಾಯರ್‌ನಲ್ಲಿ ಬಿದ್ದಿರೋವರೆಗೂ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನಾವು ಬರಲ್ಲ. ನಿನ್ನ ಮೊಮ್ಮಗಳು ವಿಲ್ಲಾಗೆ ಈಗ ಮೂರು ವರ್ಷ. ಮೊನ್ನೆ ನನ್ನ ಫೋನ್ ತೆಗೆದು ತಾನೇ ಪಿಜ್ಜಾ ತರಿಸಿದಾಳೆ."

ಇಮೊಜೀನ್ ಮೊಮ್ಮಗಳನ್ನು ಕೈಯಲ್ಲಿ ಎತ್ತಿಕೊಂಡದ್ದು ಅದು ಕೂಸಾಗಿದ್ದಾಗ ಒಮ್ಮೆ ಮಾತ್ರ. ಅಂಗಡಿಗೆ ಹೋಗಿ ಬೀಗದ ಪೆಟ್ಟಿಗೆಯೊಂದನ್ನು ತಂದುಬಿಡುತ್ತೇನೆಂದು ಗಂಡನಿಗೆ ಹೇಳಿದಳು.

ಪಾದ್ರಿ ಹಾರ್ಲನ್ ಗಾಬರಿಯಾದ. "ಪೆಟ್ಟಿಗೆ ಕೂರಿಸೋಕೆ ಮೇಜಿಗೆ ತೂತು ಕೊರೀಬೇಕು ಕಣೇ. ಮೇಜು ಸಭೇದು. ಆಸ್ತಿ ಸಮಿತಿಗೆ ಹೋಗ್ಲೇಬೇಕು."

ಹೋಯಿತು. ಸಮಿತಿಯ ಅಧ್ಯಕ್ಷ ಡಾಯ್ಲ್ ಕ್ರಂಪ್ಟನ್ ನಿಯಮಗಳನ್ನು ಓದಿದ: ಪೆಟ್ಟಿಗೆಯು ಮಗುವಿಗೆ ಎಂದೂ ತೆರೆಯಕೂಡದು, ಪಾದ್ರಿಗೆ ಎರಡು ಸೆಕೆಂಡಿನೊಳಗೆ ತೆರೆಯತಕ್ಕದ್ದು, ಬೆಲೆ ಐವತ್ತು ಡಾಲರ್ ಮೀರಕೂಡದು. ಮೂರರಲ್ಲಿ ಯಾವುದಾದರೂ ಎರಡು ಸಾಕೆಂದು ಸದಸ್ಯೆ ಓಪಲ್ ತಿದ್ದುಪಡಿ ಸೂಚಿಸಿದಳು. ಸರ್ವಾನುಮತದಿಂದ ಅಂಗೀಕಾರವಾಯಿತು.

ಶನಿವಾರ ಚರ್ಚಿನ ಊಟದ ಕೊಠಡಿಯಲ್ಲಿ, ಕೋಳಿಯ ಊಟ ಮುಗಿದ ಮೇಲೆ ಮೂರು ಪೆಟ್ಟಿಗೆಗಳ ಪರೀಕ್ಷೆ ನಡೆಯಿತು. ಪಾದ್ರಿ ಪೈಜಾಮ ತೊಟ್ಟು ಮಡಚುವ ಮಂಚದ ಮೇಲೆ ಮಲಗಿದ. ಡಾಯ್ಲ್ "ಕಳ್ಳ!" ಎಂದು ಕೂಗಿದ. ಬೆರಳಚ್ಚು ನೋಡಿ ತೆರೆಯುವ ಮೊದಲನೆಯ ಪೆಟ್ಟಿಗೆ ಕೋಳಿಜಿಡ್ಡಿನ ಪಾದ್ರಿಯನ್ನು ಒಪ್ಪಲಿಲ್ಲ. ಓಪಲ್ ಮುಟ್ಟಿದ ಕೂಡಲೇ ತೆರೆದುಕೊಂಡಿತು.

"ಪಾದ್ರಿಗಳೇ, ನಿಮಗಿಂತ ನನ್ನ ಮೇಲೇ ಅದಕ್ಕೆ ನಂಬಿಕೆ ಜಾಸ್ತಿ," ಎಂದಳು ಓಪಲ್.

ಎರಡನೆಯದಕ್ಕೆ ಅಂಕಿಗಳನ್ನು ಒತ್ತಬೇಕಿತ್ತು. ಕಳ್ಳನೆಂಬ ಕೂಗಿಗೆ ಕಂಗಾಲಾದ ಪಾದ್ರಿ ಹಳೆಯ ಫೋನ್ ನಂಬರನ್ನು ಒತ್ತಿದ. ಮೂರನೆಯದು ಎಲ್ಲಕ್ಕಿಂತ ಅಗ್ಗದ್ದು. ಡಾಯ್ಲ್‌ನ ಮೊಣಕೈ ತಗುಲಿದ್ದೇ ತಡ, ಪಾದ್ರಿ ಏಳುವ ಮೊದಲೇ, ಅದು ಬಾಯಿ ತೆರೆಯಿತು.

"ದಾಖಲೆ! ಬರ್ಕೊಳ್ಳಿ!" ಎಂದ ಡಾಯ್ಲ್.

"ಡಾಯ್ಲ್, ಅದು ಗುದ್ದಿದ್ರೆ ತೆರ್ಕೊಳ್ಳುತ್ತೆ," ಎಂದಳು ಇಮೊಜೀನ್.

"ಹೌದಮ್ಮ. ಕತ್ತಲಲ್ಲಿ ಗುಂಡಿ ತಡಕೋ ತಾಪತ್ರಯಾನೇ ಇಲ್ಲ."

"ಮಗೂನೂ ಗುದ್ದಬಹುದಲ್ಲ?"

"ಯಾಕಮ್ಮ ಗುದ್ದುತ್ತೆ? ಪಾದ್ರಿ ಮೊಮ್ಮಗಳು ಅದು!"

ಶೀಘ್ರತೆ ಮತ್ತು ಬೆಲೆ ಎರಡರಲ್ಲೂ ಉತ್ತೀರ್ಣವಾದ ಪೆಟ್ಟಿಗೆಯನ್ನು ಮಂಚದ ಬದಿಯ ಮೇಜಿಗೆ ಬಿಗಿಯಲಾಯಿತು. ಪಿಸ್ತೂಲನ್ನು ಕೂಸಿನಷ್ಟು ಜೋಪಾನವಾಗಿ ಅದರೊಳಗೆ ಮಲಗಿಸಲಾಯಿತು. ಡಾರ್ಸಿ ವಿಡಿಯೋ ಕರೆಯಲ್ಲಿ ಅದನ್ನು ನೋಡಿದಳು.

"ಒಂದ್ಸಲ ಗುದ್ದು ಅಮ್ಮಾ."

ಇಮೊಜೀನ್ ಗುದ್ದಿದಳು. ಪೆಟ್ಟಿಗೆ ಬಾಯಿ ತೆರೆಯಿತು.

"ನಾವು ಬರಲ್ಲಮ್ಮ," ಎಂದಳು ಡಾರ್ಸಿ.

ಇಮೊಜೀನ್ ನೆಟ್ಟಗೆ ಸಮಿತಿಯ ಮುಂದೆ ಹೋಗಿ ನಿಂತಳು. ಚರ್ಚಿನ ಹಿಂಬದಿಯಲ್ಲಿ ಭಾನುವಾರದ ಕಾಣಿಕೆ ಇಡುವ ಕೋಣೆಯಿದೆ. ಅದರ ಉಕ್ಕಿನ ಬಾಗಿಲಿಗೆ ಎರಡು ಬೀಗ. ಬೇರೆ ಬೇರೆ ಮನೆಯ ಇಬ್ಬರು ಬಂದು ಕೂಡಿ ತಿರುಗಿಸಿದರೇನೇ ಅದು ತೆರೆಯುವುದು.

"ಹಬ್ಬ ಮುಗಿಯೋವರೆಗೂ ಪಿಸ್ತೂಲು ಅಲ್ಲಿಡಿ," ಎಂದಳು.

ಡಾಯ್ಲ್ ಬೆವರಿದ. "ಕಾಣಿಕೆ ಹಣದ ಪಕ್ಕ ಪಿಸ್ತೂಲಾ? ಅಪಾಯ ಅಲ್ವೇನಮ್ಮ!"

"ಅಂದ್ರೆ ಹಣಕ್ಕೆ ನಿಧಾನದ ಬೀಗ, ಮಗೂಗೆ ಬೇಗದ ಬೀಗ."

"ಹಣ ದೇವರದ್ದು, ಇಮೊಜೀನ್."

"ಮಗು ಯಾರದ್ದು?"

ಈ ಪ್ರಶ್ನೆಯು ಆಸ್ತಿ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ಅಧ್ಯಕ್ಷರು ತೀರ್ಪಿತ್ತರು. ಇಮೊಜೀನ್ ಅಲ್ಲೇ ಕುರ್ಚಿಯಲ್ಲಿ ಕುಸಿದು ಅತ್ತಳು. ಸಮಿತಿಯವರು ಕಲ್ಲೆದೆಯವರಲ್ಲ. ಓಪಲ್ ಎದ್ದು ಕರವಸ್ತ್ರ ಕೊಟ್ಟಳು, ಜೊತೆಗೊಂದು ಸೂಚನೆಯನ್ನೂ ಮಂಡಿಸಿದಳು: ಪಿಸ್ತೂಲು ಎಂದಿಗೂ ಹೋಗಲಾರದ ಜಾಗ ಊರಿನಲ್ಲಿ ಅದೊಂದೇ ಆದ್ದರಿಂದ, ಮಗುವನ್ನೇ ಕಾಣಿಕೆ ಕೋಣೆಯಲ್ಲಿ ಇಳಿಸತಕ್ಕದ್ದು.

ಸಮಿತಿಯಲ್ಲಿ ನೆಮ್ಮದಿಯ ಉಸಿರು ಹರಿದಾಡಿತು. ಗಾಳಿಗೊಂದು ಕಿಂಡಿ ಮಂಜೂರಾಯಿತು. ಡಾರ್ಸಿ ಬಂದು ಉಕ್ಕಿನ ಬಾಗಿಲನ್ನು ಗುದ್ದಿ ನೋಡಿದಳು, ಒದ್ದು ನೋಡಿದಳು. ಅದು ಅಲುಗಲಿಲ್ಲ. "ಇದಾದ್ರೆ ಸರಿ," ಎಂದಳು.

ಹಬ್ಬ ಸೊಗಸಾಗಿ ನಡೆಯಿತು. ಟರ್ಕಿ ಕೋಳಿಯ ತಟ್ಟೆ ಹಿಡಿದು ಇಮೊಜೀನ್ ಬಂದಾಗಲೆಲ್ಲ ಬೀಗ ತೆಗೆಯುವ ಇಬ್ಬರೂ ಊಟ ಬಿಟ್ಟು ಎದ್ದು ಬಂದರು, ಕೂಡಿ ತೆರೆದರು, ಕೂಡಿ ಮುಚ್ಚಿದರು. ಹಾಲು ಬೇಕಾದರೆ ಮುಂಚಿತವಾಗಿ ತಿಳಿಸತಕ್ಕದ್ದೆಂದು ಬಾಗಿಲಿಗೆ ಸೂಚನೆ ಅಂಟಿಸಲಾಯಿತು. ಒಳಗೆ ಕಾಣಿಕೆ ಚೀಲಗಳಿಗೆ ಒರಗಿ ಮೊಮ್ಮಗಳು ಅಜ್ಜಿಯ ತೊಡೆಯ ಮೇಲೆ ನಿದ್ದೆಹೋದಳು. ಇಮೊಜೀನ್ ಅವಳ ಕೂದಲು ನೇವರಿಸಿದಳು. ಅವಳಿಗೆ ಬೇಕಾಗಿದ್ದುದು ಇಷ್ಟೇ, ಮತ್ತು ಅದು ಸಿಕ್ಕಿತ್ತು.

ಭಾನುವಾರದ ಆರಾಧನೆಯ ಕೊನೆಗೆ ಡಾಯ್ಲ್ ಪ್ರಕಟಿಸಿದ: ಕ್ರಿಸ್‌ಮಸ್‌ಗೆ ಮಕ್ಕಳನ್ನು ಕಾಣಿಕೆ ಕೋಣೆಯಲ್ಲಿ ಬಿಡಲಿಚ್ಛಿಸುವ ಕುಟುಂಬಗಳು ಹೆಸರು ನೋಂದಾಯಿಸತಕ್ಕದ್ದು, ಒಂದಕ್ಕಿಂತ ಹೆಚ್ಚು ಪಿಸ್ತೂಲುಗಳಿರುವ ಮನೆಗಳಿಗೆ ಆದ್ಯತೆ. ಅಜ್ಜಿಯರ ಸಾಲು ಮೆಟ್ಟಿಲು ದಾಟಿ ಪಾದ್ರಿನಿವಾಸದ ಎದೆಯೆತ್ತರದ ಹುಲ್ಲಿನವರೆಗೂ ಬೆಳೆಯಿತು.

ಒಂದೇ ಪಿಸ್ತೂಲಿನ ಇಮೊಜೀನ್ ಗಂಡನ ತೋಳು ಹಿಡಿದೆಳೆದಳು. "ಪಿಸ್ತೂಲಿನ ಅಂಗಡಿ ಐದಕ್ಕೆ ಮುಚ್ಚುತ್ತೆ ಹಾರ್ಲನ್, ಬೇಗ ನಡೀರಿ," ಎಂದಳು.