ಬಗ್ಗಿಗೆ ಯಾವ ಎಣ್ಣಿ ಹೊಡೀಬೇಕು?

ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಇಂಟರ್ವ್ಯೂ ಕೊಡಲು ಹೊರಟವರಿಗೆ ಒಂದಿಲ್ಲೊಂದು ಫಜೀತಿ ಆಗುತ್ತಲೇ ಇರುತ್ತದೆ. ನನಗೆ ಎಲ್ಲವೂ ಆಗಿವೆ. ಇನ್ನೊಬ್ಬರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ ಅದು. ಆ ತಪ್ಪಿಗೆ ಅಲ್ಲಿ ಬಗ್ ಅನ್ನುತ್ತಾರೆ, ಅಂದರೆ ಹುಳ. ಶಹಾಪುರದಲ್ಲಿ ಮೂರು ತಿಂಗಳ ಕೋರ್ಸ್ ಮುಗಿಸಿ ಮನೆಗೆ ಬಂದ ದಿನವೇ ಅವ್ವ ಹೇಳಿಬಿಟ್ಟಳು: "ಕಾಲುವಿಗೆ ನೀರು ಬಿಡೂದ್ರೊಳಗ ನೌಕರಿ ಸಿಗಲಿಲ್ಲಂದ್ರ ಕಕ್ಕೇರಾಕ್ಕ ಹೋಗಿ ನಿಮ್ಮ ಮಾವನ ಅಂಗಡ್ಯಾಗ ಕುಂದ್ರು."

ಸೋದರಮಾವನದು ಗೊಬ್ಬರ, ಬೀಜ, ಕೀಟನಾಶಕದ ಅಂಗಡಿ. ಕಾಲುವೆ ಬಂದಮೇಲೆ ಅಲ್ಲಿ ಉಸಿರಾಡಲು ಬಿಡುವಿಲ್ಲ. ನನಗೆ ಆ ವಾಸನೆ ಆಗಿಬರದು, ಮಾವನ ಉಪದೇಶ ಇನ್ನೂ ಆಗಿಬರದು. ಹೇಗಾದರೂ ಮಾಡಿ ತಪ್ಪಿಸಿಕೊಳ್ಳಬೇಕಿತ್ತು.

ಪೆನ್ನು

ಮೊದಲ ಇಂಟರ್ವ್ಯೂ ಶಹಾಪುರದಲ್ಲಿ. ಸಾಹೇಬರು ಒಂದು ಪೆನ್ನು ಕೊಟ್ಟು, "ಇದನ್ನ ಹ್ಯಾಂಗ ಟೆಸ್ಟ್ ಮಾಡ್ತೀರಿ?" ಅಂದರು.

ಇದನ್ನು ನಾನು ಬಾಯಿಪಾಠ ಮಾಡಿದ್ದೆ. ಮುಚ್ಚಳ ಬಿಗಿಯಾಗಿದೆಯೇ, ಕೆಳಗೆ ಬಿದ್ದರೆ ಒಡೆಯುತ್ತದೆಯೇ, ಬಿಸಿಲಿಗೆ ಇಂಕು ಸೋರುತ್ತದೆಯೇ, ಎಡಗೈಯವರಿಗೆ ಒಗ್ಗುತ್ತದೆಯೇ ಎಂದು ಕಾಲು ಗಂಟೆ ಹೇಳಿದೆ. ಅವರು ತಲೆಯಾಡಿಸುತ್ತ ಅದೇ ಪೆನ್ನು ತೆಗೆದುಕೊಂಡು ಅಂಕ ಹಾಕಲು ಹೋದರು. ಅದು ಬರೆಯಲೇ ಇಲ್ಲ.

"ಎಲ್ಲಾ ಹೇಳಿದ್ರಿ," ಅಂದರು, "ಒಂದ್ಸಲ ಬರದು ನೋಡಲಿಲ್ಲಲ್ರಿ."

ಕೊನೆಗೆ ನನ್ನನ್ನು ಫೇಲ್ ಮಾಡಲು ನನ್ನ ಪೆನ್ನನ್ನೇ ಇಸಿದುಕೊಂಡರು.

ಯಾವಾಗ ನಿಲ್ಲಿಸ್ತೀರಿ?

ಸುರಪುರದಲ್ಲಿ ಇಬ್ಬಿಬ್ಬರನ್ನು ಒಟ್ಟಿಗೆ ಕೂರಿಸಿ ಕೇಳಿದರು. "ಟೆಸ್ಟಿಂಗ್ ಯಾವಾಗ ನಿಲ್ಲಿಸ್ತೀರಿ?" ನಾನು ಪುಸ್ತಕದಲ್ಲಿದ್ದ ಐದೂ ಕಾರಣಗಳನ್ನು ಕ್ರಮವಾಗಿ ಒಪ್ಪಿಸಿದೆ.

ಪಕ್ಕದಲ್ಲಿದ್ದವನು, "ಕರೆಂಟ್ ಹೋದಾಗ್ರಿ," ಅಂದ.

ಅವನ ಮಾತು ಮುಗಿಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಅವನನ್ನು ತೆಗೆದುಕೊಂಡರು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಎಣ್ಣಿ

ಮೂರನೆಯದು ಬೆಂಗಳೂರಿನ ಕಂಪನಿ, ಫೋನಿನಲ್ಲೇ ವಿಡಿಯೋ ಇಂಟರ್ವ್ಯೂ. ನೆಟ್‌ವರ್ಕ್ ಚೆನ್ನಾಗಿ ಸಿಗುವುದು ಮಾವನ ಅಂಗಡಿಯಲ್ಲಿ ಮಾತ್ರ. ಮೂಲೆಯಲ್ಲಿ ಯೂರಿಯಾ ಚೀಲದ ಮೇಲೆ ಕುಳಿತೆ.

ಮೇಡಮ್ ಕೇಳಿದರು: "ದೊಡ್ಡ ಬಗ್ ಸಿಕ್ಕಿದ್ರೆ ಮೊದಲು ಏನ್ ಮಾಡ್ತೀರಾ?"

ನಾನು ಬಾಯಿ ತೆಗೆಯುವಷ್ಟರಲ್ಲಿ ಮಾವ ಗಿರಾಕಿಯೊಬ್ಬನಿಗೆ ಗಟ್ಟಿಯಾಗಿ ಹೇಳಿದರು: "ಮುಂಜಾನೆ ಎದ್ದ ಕೂಡ್ಲೇ ಎಣ್ಣಿ ಹೊಡಿ. ಕಡಿಮಿ ಆಗ್ಲಿಲ್ಲಂದ್ರ ಸಂಜಿಗಿ ಮತ್ತ ಹೊಡಿ."

ನಮ್ಮಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕವೇ ಎಣ್ಣಿ. ಬೆಂಗಳೂರಿನಲ್ಲಿ ಎಣ್ಣೆ ಹೊಡೆಯುವುದು ಅಂದರೆ ಹೆಂಡ ಕುಡಿಯುವುದು. ಮೇಡಮ್ ಮುಖ ಸಣ್ಣದಾಯಿತು. "ನೀವೂ ಹೊಡೀತೀರಾ?" ಅಂದರು.

ಮಾವನಿಗೆ ಅಳಿಯನ ಬಗ್ಗೆ ಅಭಿಮಾನ. ಫೋನಿನೊಳಗೆ ಇಣುಕಿ ಅಂದರು: "ಕಾಲೇಜಿನಾಗ ಇದ್ದಾಗಿಂದ ಹೊಡಿತಾನ್ರಿ. ಬೆನ್ನಿಗಿ ಕ್ಯಾನ್ ಕಟ್ಕೊಂಡು ಹೊಡಿತಾನ."

ಬಗ್ಗಿನ ಜೀವನಚಕ್ರ

ಕಾಲುವೆಗೆ ನೀರು ಬಿಡಲು ವಾರ ಉಳಿದಿತ್ತು. ಕೊನೆಯ ಇಂಟರ್ವ್ಯೂ ಯಾದಗಿರಿಯಲ್ಲಿ, ರೈತರಿಗಾಗಿ ಮೊಬೈಲ್ ಆಪ್ ಮಾಡುವ ಸಣ್ಣ ಕಂಪನಿ. ಫೇಲಾದರೆ ಅಲ್ಲಿಂದಲೇ ಅಂಗಡಿಗೆ ಕರೆದೊಯ್ಯಲು ಮಾವ ಜೊತೆಗೇ ಬಂದಿದ್ದರು. ಹೊರಗೆ ಕುರ್ಚಿ ಇರಲಿಲ್ಲ. ಒಳಗೇ, ನನ್ನ ಹಿಂದೆ ಕುಳಿತರು.

"ಬಗ್ಗಿನ ಜೀವನಚಕ್ರ ಹೇಳ್ರಿ," ಅಂದರು ಸಾಹೇಬರು. ಟೆಸ್ಟಿಂಗ್ ಕಲಿತವರಿಗೆಲ್ಲ ಕೇಳುವ ಪ್ರಶ್ನೆ. ನಾನು ಪಟಪಟನೆ ಹೇಳಿದೆ: ಬಗ್ ಸಿಕ್ಕಿತು ಎಂದು ಬರೆಯುವುದು, ಒಬ್ಬರಿಗೆ ವಹಿಸುವುದು, ಅವರು ಸರಿಮಾಡುವುದು, ನಾವು ಮತ್ತೆ ನೋಡುವುದು, ಮುಚ್ಚುವುದು. ಸಾಹೇಬರು ನಕ್ಕರು. ನನಗೆ ನೌಕರಿ ಸಿಕ್ಕೇ ಬಿಟ್ಟಿತು ಅನ್ನಿಸಿ ಎದೆ ಹಗುರಾಯಿತು.

ಹಿಂದಿನಿಂದ ಮಾವ, "ತಮ್ಮಾ, ತತ್ತಿ ಎಲ್ಲಿ ಬಿಟ್ಟಿ?" ಅಂದರು.

"ಮಾವ, ಸುಮ್ನ ಕೂಡ್ರಿ."

"ಮೊದಲ ತತ್ತಿ, ಆಮ್ಯಾಲ ಹುಳ, ಆಮ್ಯಾಲ ಕೋಶ, ಆಮ್ಯಾಲ ಚಿಟ್ಟಿ. ಅಂಗಡಿ ಗ್ವಾಡಿಗಿ ಚಿತ್ರ ಹಚ್ಚೀನಿ, ಬಂದಾಗೊಮ್ಮೆ ನೋಡ್ತಿ. ಅಷ್ಟೂ ನೆಪ್ಪಿಲ್ಲೇನು?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಾಹೇಬರು ಮಾತ್ರ ಲ್ಯಾಪ್‌ಟಾಪನ್ನು ಮಾವನ ಕಡೆ ತಿರುಗಿಸಿ, "ಯಜಮಾನ್ರ, ನಮ್ಮ ಆಪ್‌ನಾಗ ಹತ್ತಿ ಹುಳದ ಬಗ್ಗೆ ಹಾಕೀವಿ, ಸ್ವಲ್ಪ ನೋಡ್ರಿ," ಅಂದರು. ಮಾವ ಕನ್ನಡಕ ಏರಿಸಿ ಓದಿದರು.

"ಹುಳ ಕಾಯಿ ಒಳಗ ಹೊಕ್ಕ ಮ್ಯಾಲ ಎಣ್ಣಿ ಹೊಡಿರಿ ಅಂತ ಬರದೀರಿ. ಒಳಗ ಬಾಗಲಾ ಹಾಕ್ಕೊಂಡು ಕುಂತದ್ದಕ್ಕ ಎಣ್ಣಿ ಹ್ಯಾಂಗ ಮುಟ್ತದ್ರಿ? ಹೊಗೂದ್ರೊಳಗ ಹೊಡೀಬೇಕು. ನಿಮ್ಮ ಆಪ್ ತಪ್ಪು ಹೇಳಾಕತ್ತದ."

ಆರು ತಿಂಗಳಿಂದ ಯಾರೂ ಹಿಡಿಯದ ಬಗ್ ಅಂತೆ ಅದು. ಸಾಹೇಬರು ಎದ್ದು ನಿಂತು ಕೈ ಕುಲುಕಿದರು. ನನ್ನ ಕೈ ಅಲ್ಲ.

ಕಾಲುವೆಗೆ ನೀರು ಬಿಟ್ಟ ದಿನವೇ ನೇಮಕದ ಪತ್ರ ಬಂತು, ಮಾವನ ಹೆಸರಿಗೆ. ಈಗ ಮಾವ ಇಸ್ತ್ರಿ ಅಂಗಿ ತೊಟ್ಟು ಯಾದಗಿರಿಗೆ ಹೋಗುತ್ತಾರೆ. ಅಂಗಡಿಯಲ್ಲಿ ಯಾರಾದರೂ ಕೂರಬೇಕಲ್ಲ, ನಾನು ಕುಳಿತಿದ್ದೇನೆ. ಮೊದಲ ದಿನ ಬಸ್ ಹತ್ತುವಾಗ ಮಾವ ನನ್ನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದರು:

"ಬ್ಯಾಸರ ಮಾಡ್ಕೋಬ್ಯಾಡ ತಮ್ಮಾ. ಅಲ್ಲಿ ಇನ್ನೊಂದು ಜಾಗಾ ಖಾಲಿ ಆಗ್ಲಿ, ನಿನ್ನ ಇಂಟರ್ವ್ಯೂ ನಾನೇ ತಗೋತೀನಿ."