ಬೆಳಗುವ ಪದರದ ಮೇಲೆ ತಮ್ಮ ಹೆಬ್ಬೆಟ್ಟು

ನಮ್ಮ ಪ್ರಯೋಗಾಲಯವನ್ನು ಉದ್ಘಾಟಿಸಿದ ಮುಖ್ಯ ಅತಿಥಿಗಳಾದ ಮಾನ್ಯರೇ,

ತಮಗೂ, ತಮಗಿಂತ ಮಿಗಿಲಾಗಿ ತಮ್ಮ ಬಲಗೈ ಹೆಬ್ಬೆರಳಿಗೂ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳ ಅನಂತ ನಮಸ್ಕಾರಗಳು. ಅಂದು ತಾವು ರಿಬ್ಬನ್ ಕತ್ತರಿಸಿ ಒಳಗೆ ಬಂದಾಗ ಮೂಲೆಯ ಯಂತ್ರದ ಪಕ್ಕದಲ್ಲಿ ಇಕ್ಕಳ ಹಿಡಿದು ನಿಂತಿದ್ದವಳು ನಾನೇ. ತಮಗೆ ನೆನಪಿರಲಾರದು, ಪತ್ರಿಕೆಯ ಚಿತ್ರದಲ್ಲಿಯೂ ನನ್ನದು ಮೊಣಕೈ ಮಾತ್ರ ಇದೆ. ಅಮ್ಮ ಅದನ್ನೇ ಗುರುತು ಹಿಡಿದು ಕತ್ತರಿಸಿ ಇಟ್ಟುಕೊಂಡಿದ್ದಾಳೆ.

ಆ ಯಂತ್ರದ ಕೆಲಸವನ್ನು ತಮಗೆ ವಿವರಿಸುವ ಭಾಗ್ಯ ನನಗೆ ಸಿಗಲಿಲ್ಲ. ಗಾಳಿಯನ್ನೆಲ್ಲ ಹೊರಗೆಳೆದ ಉಕ್ಕಿನ ಗೂಡಿನೊಳಗೆ ಸತುವಿನ ಆಕ್ಸೈಡಿನ ಬಿಲ್ಲೆಯನ್ನಿಟ್ಟು ಲೇಸರ್ ಕಿರಣದಿಂದ ಬಡಿದರೆ, ಪ್ರತಿ ಬಡಿತಕ್ಕೂ ಗರಿಯಂಥ ಉರಿಯೊಂದು ಚಿಮ್ಮಿ, ಎದುರಿಗೆ ಕಾಯಿಸಿಟ್ಟ, ಗಾಜಿನಂತೆ ತಿಳಿಯಾದ ಕೃತಕ ನೀಲಮಣಿಯ ತುಂಡಿನ ಮೇಲೆ ಕೂರುತ್ತದೆ. ಹಾಗೆ ಕೂತು ಕೂತು, ಕೂದಲಿನ ನೂರರಲ್ಲೊಂದು ಪಾಲಿನಷ್ಟೂ ದಪ್ಪವಿಲ್ಲದ, ಆದರೆ ನೇರಳಾತೀತ ದೀಪ ಹಿಡಿದರೆ ತಾನೇ ನೇರಳೆಯಾಗಿ ಬೆಳಗುವ ಅರೆವಾಹಕ ಪದರ ಬೆಳೆಯುತ್ತದೆ. ಬೆಳೆಯಬೇಕು. ನನ್ನದು ವರ್ಷಗಟ್ಟಲೆ ಬೆಳೆಯಲಿಲ್ಲ. ಶಾಖ ಹೆಚ್ಚಾದರೆ ಒಂದು ರಗಳೆ, ಗೂಡಿನೊಳಗೆ ಅಳೆದು ಬಿಡುವ ಆಮ್ಲಜನಕ ಕಡಿಮೆಯಾದರೆ ಇನ್ನೊಂದು. ಪದರ ಬಂದರೂ ಮಂಕು ಹಸಿರಾಗಿ ಹೊಳೆದು ನನ್ನನ್ನು ಅಣಕಿಸುತ್ತಿತ್ತು. ಕೊನೆಗೆ, ತಾವು ದಯಮಾಡಿಸುವ ಹಿಂದಿನ ವಾರ ಒಂದು, ಒಂದೇ ಒಂದು, ಸರಿಯಾಗಿ ಬೆಳಗಿತು. ಉದ್ಘಾಟನೆಯ ಮರುದಿನ ಅದು ಅಳತೆಗಾಗಿ ಬೇರೆ ಊರಿನ ಪ್ರಯೋಗಾಲಯಕ್ಕೆ ಹೊರಡಬೇಕಿತ್ತು. ನನ್ನ ಪ್ರಬಂಧದ ಕೊನೆಯ ಅಧ್ಯಾಯ ಅದನ್ನೇ ನಂಬಿ ಕೂತಿತ್ತು.

ನಮ್ಮ ವಿಭಾಗದ ಮುಖ್ಯಸ್ಥರು ಅದನ್ನು ನನ್ನ ಇಕ್ಕಳದಿಂದ ಬಿಡಿಸಿ ತಮ್ಮ ಕೈಗಿತ್ತರು. ತಾವು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದರ ಮೇಲೆ ಏನೂ ಇಲ್ವಲ್ಲಮ್ಮ, ಬರೀ ಗಾಜು" ಎಂದು, ಇಲ್ಲದಿರುವುದನ್ನು ಖಚಿತಪಡಿಸಿಕೊಳ್ಳಲು ಹೆಬ್ಬೆರಳನ್ನು ಚೆನ್ನಾಗಿ ಒತ್ತಿ ನೋಡಿದಿರಿ. ಕಾಣದ್ದೆಲ್ಲ ಇಲ್ಲವೆಂದು ನಿಂತ ನಿಲುವಿನಲ್ಲಿ ತೀರ್ಮಾನಿಸುವ ಈ ಧೈರ್ಯ ಓದುತ್ತಲೇ ಮುದಿಯಾಗುತ್ತಿರುವ ನಮ್ಮಂಥವರಿಗೆ ಎಲ್ಲಿಂದ ಬರಬೇಕು? ದೀಪ ಹಿಡಿದಾಗ ನೇರಳೆಯ ನಡುವೆ ತಮ್ಮ ಬೆರಳಿನ ಸುಳಿಗಳು ಕಪ್ಪಗೆ ಮೂಡಿದವು. ಅದೂ ಪ್ರಯೋಗದ ಭಾಗವೆಂದುಕೊಂಡು ನೆರೆದವರು ಚಪ್ಪಾಳೆ ತಟ್ಟಿದರು. "ಸಾರ್ ಸಹಿ ಹಾಕಿದ ಹಾಗಾಯ್ತು" ಎಂದರು ಮುಖ್ಯಸ್ಥರು. ಸಹಿಯಲ್ಲ, ಹೆಬ್ಬೆಟ್ಟು ಎಂದು ತಿದ್ದಬೇಕೆನಿಸಿತು, ದೀಪ ಆರಿಸಿದೆ.

ಎಲ್ಲರೂ ಚಹಾಕ್ಕೆ ಹೋದ ಮೇಲೆ ಅಸಿಟೋನಿನಲ್ಲಿ ತೊಳೆದೆ. ಜಿಡ್ಡು ಹೋಯಿತು, ಬೆವರಿನ ಹುಳಿ ತಿಂದ ಗೆರೆಗಳು ಹೋಗಲಿಲ್ಲ. ಈಗ ಆ ತುಂಡು ಚೌಕಟ್ಟಿನೊಳಗೆ, ತಮ್ಮ ಹೆಸರು ಹೊತ್ತು, ಮುಖ್ಯಸ್ಥರ ಕೋಣೆಯ ಗೋಡೆಯಲ್ಲಿ ತೂಗುತ್ತಿದೆ. ನಾನು ಮತ್ತೆ ಬಿಲ್ಲೆಯ ಮುಂದೆ ಕೂತಿದ್ದೇನೆ. ಮತ್ತೆ ಹಸಿರೇ ಬರುತ್ತಿದೆ. ಆದ್ದರಿಂದ ನನ್ನ ವಿನಂತಿ ಚಿಕ್ಕದು: ತಮ್ಮ ಬೆರಳಿಗೆ ಅಂಟಿಹೋದ ನನ್ನ ಪದರವನ್ನು ಕೃಪೆಯಿಟ್ಟು ಅಂಚೆಯಲ್ಲಿ ಹಿಂದಿರುಗಿಸಬೇಕು. ಬಿಡಿಸುವುದು ಕಷ್ಟವೆನಿಸಿದರೆ ಬೆರಳನ್ನೇ ಕಳುಹಿಸಿಕೊಟ್ಟರೂ ಆದೀತು. ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ. ನಮ್ಮಲ್ಲಿ ಲೇಸರ್ ಇದೆ.

ತಮ್ಮ ವಿಶ್ವಾಸಿ,
ಹೆಸರಿನ ಹಿಂದೆ ಇನ್ನೂ 'ಡಾಕ್ಟರ್' ಸೇರದವಳು

ವಿ.ಸೂ.: ಬರುವ ವಾರ ತಾವು ಕಣ್ಣಾಸ್ಪತ್ರೆಯೊಂದನ್ನು ಉದ್ಘಾಟಿಸಲಿದ್ದೀರೆಂದು ಓದಿದೆ. ಅಲ್ಲಿನ ರೋಗಿಗಳ ಕಣ್ಣಿನ ಮೇಲೂ ಪಾರದರ್ಶಕವಾದ ತೆಳು ಪದರವೊಂದಿರುತ್ತದೆ. ತಮಗೆ ಕಾಣಿಸದಿದ್ದರೂ ಇದೆಯೆಂದು ದಯವಿಟ್ಟು ನಂಬಿಬಿಡಿ.